ಇಬ್ಬರು ಡಾಕ್ಟರು, ಎರಡು ಲೆಕ್ಕ: ಅಬ್ಲೇಶನ್ ಫಲಿತಾಂಶವನ್ನು ಮೊದಲೇ ಹೇಳಲು ಯಾಕೆ ಇಷ್ಟು ಕಷ್ಟ?

ನನ್ನ ಸೋದರಮಾವನಿಗೆ 61 ವರ್ಷ. ಶಿವಮೊಗ್ಗದ ಹತ್ತಿರ ಅಡಿಕೆ ತೋಟ. ಎಂಟು ತಿಂಗಳಿಂದ ಎದೆಬಡಿತದ ತಾಳ ತಪ್ಪಿದೆ. ಇಸಿಜಿಯಲ್ಲಿ ಬಂದ ಹೆಸರು ಪರ್ಸಿಸ್ಟೆಂಟ್ ಏಟ್ರಿಯಲ್ ಫಿಬ್ರಿಲೇಶನ್. ಮಾತ್ರೆ ನಡೆಯಿತು, ಶಾಕ್ ಕೊಟ್ಟು ತಾಳ ಸರಿಮಾಡಿದ್ದೂ ಆಯಿತು. ಮೂರು ವಾರಕ್ಕೆ ಮತ್ತೆ ಹಳೆ ಕಥೆ. ಕೊನೆಗೆ ಅಬ್ಲೇಶನ್, ಅಂದರೆ ಹೃದಯದೊಳಗೆ ತಾಳ ಕೆಡಿಸುವ ಜಾಗವನ್ನು ಸುಟ್ಟು ತಡೆಯುವ ಚಿಕಿತ್ಸೆ, ಮಾಡಿಸೋಣ ಎಂಬ ಮಾತು ಬಂತು. ಮನೆಯವರೆಲ್ಲ ಕೇಳುವ ಪ್ರಶ್ನೆಯನ್ನೇ ಮಾವನೂ ಕೇಳಿದರು: ‘ಎಷ್ಟು ಪರ್ಸೆಂಟ್ ಸಕ್ಸಸ್ ಡಾಕ್ಟ್ರೇ?’

ಒಬ್ಬರು 70 ಅಂದರು. ಇನ್ನೊಬ್ಬರು ‘ಐವತ್ತು ಅಂದ್ಕೊಳ್ಳಿ’ ಅಂದರು. ಮಾವ ಮನೆಗೆ ಬಂದವರೇ, ‘ಇದೇನು ಅಡಿಕೆ ರೇಟಾ, ಒಂದೊಂದು ಮಂಡಿಯಲ್ಲಿ ಒಂದೊಂದು?’ ಎಂದು ರೇಗಿದರು.

ನನಗೆ ಆ ಹೋಲಿಕೆ ಸರಿಯಾಗಿಯೇ ಇದೆ ಅನ್ನಿಸಿತು. ಮಂಡಿಯಲ್ಲಿ ರೇಟು ಕೇಳುವ ಮೊದಲು ಯಾವ ಅಡಿಕೆ ಎಂದು ಹೇಳಬೇಕು. ಸರಕಿನ ರೇಟು ಬೇರೆ, ಬೆಟ್ಟೆಯದು ಬೇರೆ, ರಾಶಿಯದು ಬೇರೆ. ಇಬ್ಬರು ಡಾಕ್ಟರೂ ಸುಳ್ಳು ಹೇಳಿರಲಿಲ್ಲ. ಬೇರೆ ಬೇರೆ ಸರಕಿನ ರೇಟು ಹೇಳಿದ್ದರು, ಅಷ್ಟೇ.

ಮೊದಲು ಕಾಯಿಲೆಯ ವಿಷಯ. ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಏಟ್ರಿಯಂಗಳು, ಒಟ್ಟಿಗೆ ಹಿಂಡಿ ರಕ್ತವನ್ನು ಕೆಳಗೆ ತಳ್ಳಬೇಕು. ಈ ಕಾಯಿಲೆಯಲ್ಲಿ ಅಲ್ಲಿನ ವಿದ್ಯುತ್ ಚೆಲ್ಲಾಪಿಲ್ಲಿಯಾಗುತ್ತದೆ. ಕೋಣೆ ಹಿಂಡುವುದಿಲ್ಲ, ಸುಮ್ನೆ ಅದುರುತ್ತದೆ. ತಾನಾಗಿಯೋ ಔಷಧಿಯಿಂದಲೋ ಏಳು ದಿನದೊಳಗೆ ನಿಂತರೆ ಪ್ಯಾರಾಕ್ಸಿಸ್ಮಲ್. ಏಳು ದಿನ ದಾಟಿದರೆ ಪರ್ಸಿಸ್ಟೆಂಟ್. ವರ್ಷ ದಾಟಿದರೆ ಅದಕ್ಕೆ ಇನ್ನೊಂದು ಉದ್ದ ಹೆಸರು.

1998ರಲ್ಲಿ ಫ್ರಾನ್ಸ್‌ನ ಬೋರ್ಡೊ ನಗರದ ಮಿಶೆಲ್ ಹೈಸಗೇರ್ ಮತ್ತು ಅವರ ತಂಡ 45 ರೋಗಿಗಳ ಹೃದಯದೊಳಗೆ ತಂತಿ ಇಳಿಸಿ, ಈ ಗಲಾಟೆ ಶುರುವಾಗುವುದು ಎಲ್ಲಿಂದ ಎಂದು ಹುಡುಕಿತು. 69 ಜಾಗ ಸಿಕ್ಕವು. ಅವುಗಳಲ್ಲಿ 94 ಪರ್ಸೆಂಟ್ ಇದ್ದದ್ದು ಶ್ವಾಸಕೋಶದಿಂದ ಎಡ ಏಟ್ರಿಯಂಗೆ ರಕ್ತ ತರುವ ಪಲ್ಮನರಿ ರಕ್ತನಾಳಗಳ ಒಳಗೆ. ಇವತ್ತಿನ ಅಬ್ಲೇಶನ್‌ಗೆ ಅಡಿಪಾಯ ಅದೇ. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ನಳಿಕೆ ಕಳಿಸುತ್ತಾರೆ. ಆ ರಕ್ತನಾಳಗಳ ಬಾಯಿಯ ಸುತ್ತ ಸುಟ್ಟೋ, ಹೆಪ್ಪುಗಟ್ಟಿಸಿಯೋ, ಈಗೀಗ ವಿದ್ಯುತ್ ಪಲ್ಸ್ ಕೊಟ್ಟೋ ಒಂದು ಬೇಲಿ ಹಾಕುತ್ತಾರೆ. ಕಳ್ಳ ವಿದ್ಯುತ್ತು ಆ ಬೇಲಿ ದಾಟಿ ಬರುವುದಿಲ್ಲ.

ಪ್ಯಾರಾಕ್ಸಿಸ್ಮಲ್ ಇರುವವರಿಗೆ ಈ ಬೇಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪರ್ಸಿಸ್ಟೆಂಟ್ ಆದಾಗ ತಕರಾರು ಶುರು. ಯಾಕೆ ಎಂದು ತೋರಿಸಿದ್ದು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಮೇಕೆಗಳು. 1995ರಲ್ಲಿ ಅಲ್ಲಿನ ಸಂಶೋಧಕರು ಮೇಕೆಗಳ ಹೃದಯದಲ್ಲಿ ಬೇಕೆಂದೇ ಈ ಅದುರುವಿಕೆ ಹುಟ್ಟಿಸಿದರು. ಮೊದಮೊದಲು ಕೆಲವು ಸೆಕೆಂಡಿನಲ್ಲಿ ನಿಲ್ಲುತ್ತಿತ್ತು. ಮತ್ತೆ ಮತ್ತೆ ಹುಟ್ಟಿಸಿದಂತೆ ಅದು ಉದ್ದವಾಗುತ್ತಾ ಹೋಯಿತು, ಕೊನೆಗೆ ನಿಲ್ಲಲೇ ಇಲ್ಲ. ಅದುರಿದ ಗೋಡೆ ಅದುರುವುದನ್ನೇ ಕಲಿಯುತ್ತದೆ. ಹಿಗ್ಗುತ್ತದೆ, ಒಳಗೆ ಗಾಯದ ನಾರು ಕಟ್ಟುತ್ತದೆ. ಅಂದರೆ ಕಳೆ ಈಗ ಬೇಲಿಯಾಚೆ ಇಲ್ಲ, ಹೊಲದೊಳಗೇ ಬೇರು ಬಿಟ್ಟಿದೆ.

ಹಾಗಾದರೆ ಹೊಲದೊಳಗೂ ಸುಡಬೇಕು ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. 2015ರಲ್ಲಿ ಬಂದ ಸ್ಟಾರ್ ಎಎಫ್ 2 ಪ್ರಯೋಗ 589 ಪರ್ಸಿಸ್ಟೆಂಟ್ ರೋಗಿಗಳನ್ನು ಮೂರು ಗುಂಪು ಮಾಡಿತು. ಬರೀ ಬೇಲಿ ಹಾಕಿದವರಲ್ಲಿ ಹದಿನೆಂಟು ತಿಂಗಳಲ್ಲಿ 59 ಪರ್ಸೆಂಟ್ ಜನರಿಗೆ ಕಾಯಿಲೆ ಮರಳಿರಲಿಲ್ಲ. ಬೇಲಿಯ ಜೊತೆ ಗೋಜಲು ಸಿಗ್ನಲ್ ಕಂಡ ಜಾಗಗಳನ್ನೂ ಸುಟ್ಟವರಲ್ಲಿ 49. ಬೇಲಿಯ ಜೊತೆ ಗೆರೆ ಎಳೆದು ಸುಟ್ಟವರಲ್ಲಿ 46. ಹೆಚ್ಚು ಸುಟ್ಟದ್ದಕ್ಕೆ ಒಂದಿಷ್ಟೂ ಲಾಭ ಕಾಣಲಿಲ್ಲ. ‘ಇವರಿಗೆ ಬರೀ ಬೇಲಿ ಸಾಕು, ಇವರಿಗೆ ಸಾಲದು’ ಎಂದು ಮೊದಲೇ ತಿಳಿಯಬೇಕು ಎನ್ನುವ ಹುಡುಕಾಟಕ್ಕೆ ನಿಜವಾದ ತುರ್ತು ಬಂದದ್ದು ಇಲ್ಲಿಂದ.

ಈಗ ಆ 70 ಮತ್ತು 50ರ ವಿಷಯಕ್ಕೆ ಬರೋಣ. ಸಕ್ಸಸ್ ಅಂದರೆ ಏನು? ಪ್ರಯೋಗಗಳಲ್ಲಿ ದಶಕಗಳಿಂದ ನಡೆದು ಬಂದ ಅಳತೆ 30 ಸೆಕೆಂಡು. ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳು ಲೆಕ್ಕಕ್ಕಿಲ್ಲ, ಅದು ಗಾಯ ಆರುವ ಸಮಯ. ಆಮೇಲೆ ಅರ್ಧ ನಿಮಿಷದ ಅದುರುವಿಕೆ ಒಮ್ಮೆ ಸಿಕ್ಕರೂ ಅದು ಫೇಲ್. ಎಂಟು ತಿಂಗಳು ಹಗಲೂ ರಾತ್ರಿ ಅದುರಿದ ಹೃದಯ ವರ್ಷಕ್ಕೆ 30 ಸೆಕೆಂಡು ಮಾತ್ರ ಅದುರಿದರೂ ಪುಸ್ತಕದಲ್ಲಿ ಅದು ಸೋಲು. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಮಾರ್ಕ್ ಕಳೆದುಕೊಂಡವನನ್ನೂ ಸೊನ್ನೆ ತೆಗೆದವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ಹಾಗೆ.

ಅದರ ಮೇಲೆ, ಎಷ್ಟು ಹುಡುಕುತ್ತೀರಿ ಎನ್ನುವುದರ ಮೇಲೂ ಫಲಿತಾಂಶ ನಿಂತಿದೆ. ಆರು ತಿಂಗಳಿಗೊಮ್ಮೆ 24 ಗಂಟೆ ಎದೆಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿದರೆ ಉಳಿದ ದಿನಗಳು ಕತ್ತಲು. ಹಗಲೂ ರಾತ್ರಿ ಎದೆಬಡಿತ ಗಮನಿಸುವ ಲೂಪ್ ರೆಕಾರ್ಡರನ್ನು ಚರ್ಮದಡಿ ಇಟ್ಟರೆ ತಪ್ಪಿಸಿಕೊಳ್ಳುವುದು ಬಹಳ ಕಡಿಮೆ. ಕೆನಡಾದಲ್ಲಿ ನಡೆದ ಸರ್ಕಾ-ಡೋಸ್ ಪ್ರಯೋಗದಲ್ಲಿ ಎಲ್ಲ 346 ಜನರಿಗೂ ಈ ರೆಕಾರ್ಡರ್ ಇತ್ತು. ಅವರದು ಪ್ಯಾರಾಕ್ಸಿಸ್ಮಲ್, ಅಂದರೆ ಸುಲಭದ ಕಾಯಿಲೆ. ಆದರೂ 30 ಸೆಕೆಂಡಿನ ಲೆಕ್ಕದಲ್ಲಿ ವರ್ಷದ ಕೊನೆಗೆ ಪಾಸಾದವರು ಅರ್ಧಕ್ಕಿಂತ ಚೂರು ಜಾಸ್ತಿ. ಅದೇ ಜನ ಅದುರುತ್ತಿದ್ದ ಒಟ್ಟು ಸಮಯ ಕಡಿಮೆಯಾದದ್ದು ಎಷ್ಟು? 98 ಪರ್ಸೆಂಟ್‌ಗೂ ಹೆಚ್ಚು. ಒಂದೇ ರೋಗಿಗಳು, ಒಂದೇ ಚಿಕಿತ್ಸೆ. ಒಂದು ಲೆಕ್ಕದಲ್ಲಿ ಐವತ್ತು, ಇನ್ನೊಂದರಲ್ಲಿ ತೊಂಬತ್ತೆಂಟು.

ಮಾವನ ಮೊದಲ ಡಾಕ್ಟರು ‘ಮಾತ್ರೆಯೂ ಇದ್ದು, ಬೇಕಾದರೆ ಎರಡನೇ ಸಲ ಮಾಡಿ’ ಎನ್ನುವ ಲೆಕ್ಕ ಹೇಳಿದ್ದರು. ಎರಡನೆಯವರದು ಒಂದೇ ಸಲ, ಮಾತ್ರೆ ಇಲ್ಲದೆ. ಆಮೇಲೆ ಕೇಳಿದಾಗ ಗೊತ್ತಾಯಿತು. ಮೊದಲೇ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಮೊದಲೇ ಊಹಿಸಲು ಸ್ಕೋರುಗಳಿವೆ, ಒಂದಲ್ಲ, ಹತ್ತಾರು. ಹೆಸರುಗಳೆಲ್ಲ ಚೆಂದ. ಜರ್ಮನಿಯ ಲೈಪ್‌ಜಿಗ್‌ನಿಂದ ಬಂದದ್ದರ ಹೆಸರು ಆಪಲ್. 65 ದಾಟಿದ್ದರೆ ಒಂದು ಅಂಕ, ಕಾಯಿಲೆ ಪರ್ಸಿಸ್ಟೆಂಟ್ ಆಗಿದ್ದರೆ ಒಂದು, ಕಿಡ್ನಿ ದುರ್ಬಲವಾಗಿದ್ದರೆ ಒಂದು, ಎಡ ಏಟ್ರಿಯಂ 43 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು, ಹೃದಯದ ಪಂಪು (ಒಂದು ಬಡಿತಕ್ಕೆ ಕೋಣೆಯಲ್ಲಿದ್ದ ರಕ್ತದಲ್ಲಿ ಹೊರಗೆ ತಳ್ಳುವ ಪಾಲು) 50 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಒಂದು. ಅಂಕ ಹೆಚ್ಚಾದಂತೆ ಕಾಯಿಲೆ ಮರಳುವ ಸಂಭವ ಹೆಚ್ಚು. ಮಾವನಿಗೆ ಬಂದದ್ದು ಎರಡು.

ಎರಡು ಅಂದರೆ ಏನು ತಿಳಿಯಿತು? ಅಂಥದ್ದೇನೂ ಇಲ್ಲ. ಈ ಸ್ಕೋರುಗಳ ತಾಕತ್ತನ್ನು ಅಳೆಯಲು ಒಂದು ಸಂಖ್ಯೆ ಇದೆ. ಕಾಯಿಲೆ ಮರಳಿದ ಒಬ್ಬರನ್ನೂ ಮರಳದ ಒಬ್ಬರನ್ನೂ ಜೋಡಿ ಮಾಡಿ ನಿಲ್ಲಿಸಿ. ಯಾರಿಗೆ ಮರಳಿತು ಎಂದು ಸ್ಕೋರು ಹೇಳಬೇಕು. ನೂರು ಜೋಡಿಯಲ್ಲಿ ಐವತ್ತು ಸಲ ಸರಿ ಹೇಳಿದರೆ ಅದು ನಾಣ್ಯ ಚಿಮ್ಮಿದ ಹಾಗೆ. ನೂರಕ್ಕೆ ನೂರಾದರೆ ದೇವರು. ಆಪಲ್ ಬಂದದ್ದು 63ರ ಹತ್ತಿರ. ಉಳಿದವೂ ಹೆಚ್ಚುಕಡಿಮೆ ಅದೇ ಸಾಲಿನವು. ನಾಣ್ಯಕ್ಕಿಂತ ಮೇಲು, ನಂಬಿ ನಿರ್ಧಾರ ಮಾಡುವಷ್ಟಲ್ಲ. ಇನ್ನೊಂದು ತಮಾಷೆ ನೋಡಿ: ಪರ್ಸಿಸ್ಟೆಂಟ್ ರೋಗಿಗಳನ್ನು ಮಾತ್ರ ಸಾಲು ನಿಲ್ಲಿಸಿದರೆ ಐದರಲ್ಲಿ ಒಂದು ಅಂಕ ಎಲ್ಲರಿಗೂ ಪುಕ್ಕಟೆ. ಅವರನ್ನು ಬೇರೆ ಬೇರೆ ಮಾಡಲು ಉಳಿಯುವುದು ನಾಲ್ಕೇ ಪ್ರಶ್ನೆ.

ಯಾವ ಸ್ಕೋರೂ ಕೇಳದ ಒಂದು ಪ್ರಶ್ನೆ ಇದೆ: ಬೇಲಿ ಗಟ್ಟಿಯಾಗಿ ನಿಂತಿತಾ? ಜರ್ಮನಿಯ ಗ್ಯಾಪ್-ಎಎಫ್ ಪ್ರಯೋಗದಲ್ಲಿ ಪೂರ್ತಿ ಬೇಲಿ ಹಾಕಿಸಿಕೊಂಡ ರೋಗಿಗಳನ್ನು ಮೂರು ತಿಂಗಳ ನಂತರ ಮತ್ತೆ ಒಳಗೆ ತಂತಿ ಇಟ್ಟು ನೋಡಿದರು. 70 ಪರ್ಸೆಂಟ್ ಜನರಲ್ಲಿ ಎಲ್ಲೋ ಒಂದು ಕಡೆ ಕಂಡಿ ಬಿದ್ದಿತ್ತು. ಆಮೇಲೆ ಉಪಕರಣಗಳು ಬಹಳ ಸುಧಾರಿಸಿವೆ, ಸರಿ. ಆದರೂ ಕಾಯಿಲೆ ಮರಳಿದಾಗ ಅದು ಹೊಲದ ತಪ್ಪಾ, ಬೇಲಿ ಕಟ್ಟಿದವರ ತಪ್ಪಾ ಎಂದು ರೋಗಿಯ ವಯಸ್ಸು ನೋಡಿ ಹೇಳುವುದು ಹೇಗೆ?

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ರುಚಿ ಅನ್ನಿಸಿದ್ದು ಗಾಯದ ಕಥೆ. ನಾಸಿರ್ ಮರೂಶ್ ಎಂಬ ವೈದ್ಯರ ತಂಡಕ್ಕೆ ಒಂದು ಸರಳ ಯೋಚನೆ ಬಂತು. ಏಟ್ರಿಯಂ ಗೋಡೆಯಲ್ಲಿ ಎಷ್ಟು ಭಾಗ ಗಾಯದ ನಾರಾಗಿದೆ ಎಂದು ಎಂಆರ್‌ಐ ಮಾಡಿ ಮೊದಲೇ ನೋಡಿದರೆ? 2014ರಲ್ಲಿ ಡಿಕಾಫ್ ಎಂಬ ಅಧ್ಯಯನ ಬಂತು. ಪ್ಯಾರಾಕ್ಸಿಸ್ಮಲ್, ಪರ್ಸಿಸ್ಟೆಂಟ್ ಎರಡೂ ಬಗೆಯ 260 ರೋಗಿಗಳ ಲೆಕ್ಕ. ಗೋಡೆಯಲ್ಲಿ ಗಾಯ 10 ಪರ್ಸೆಂಟ್‌ಗಿಂತ ಕಡಿಮೆ ಇದ್ದವರಲ್ಲಿ ಒಂದು ವರ್ಷದೊಳಗೆ ಸುಮಾರು 15 ಪರ್ಸೆಂಟ್ ಜನರಿಗೆ ಕಾಯಿಲೆ ಮರಳಿತು. ಗಾಯ 30 ದಾಟಿದವರಲ್ಲಿ 51. ನಡುವಿನವರು ಮೆಟ್ಟಿಲಿನಂತೆ ನಡುವೆಯೇ ನಿಂತರು. ಇಷ್ಟು ಅಚ್ಚುಕಟ್ಟಾದ ಮೆಟ್ಟಿಲು ಈ ಕ್ಷೇತ್ರದಲ್ಲಿ ಅಪರೂಪ.

ಮುಂದಿನ ಹೆಜ್ಜೆ ಯಾರಿಗಾದರೂ ಹೊಳೆಯುತ್ತದೆ. ಗಾಯ ಕಾಣುತ್ತಿದೆ, ಗಾಯದಿಂದಲೇ ಕಾಯಿಲೆ ಮರಳುತ್ತಿದೆ, ಹಾಗಾದರೆ ಗಾಯ ನೋಡಿಕೊಂಡು ಅಲ್ಲೇ ಸುಡಿ. ಡಿಕಾಫ್ 2ರಲ್ಲಿ 843 ಪರ್ಸಿಸ್ಟೆಂಟ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಿಗೆ ಹಂಚಿದರು. ಒಂದು ಗುಂಪಿಗೆ ಬರೀ ಬೇಲಿ. ಇನ್ನೊಂದಕ್ಕೆ ಬೇಲಿಯ ಜೊತೆ ಎಂಆರ್‌ಐ ತೋರಿಸಿದ ಗಾಯದ ಜಾಗವನ್ನೂ ಸುಟ್ಟರು. 2022ರಲ್ಲಿ ಫಲಿತಾಂಶ ಬಂತು. ಕಾಯಿಲೆ ಮರಳಿದ್ದು ಗಾಯ ಸುಟ್ಟವರಲ್ಲಿ 43 ಪರ್ಸೆಂಟ್, ಬರೀ ಬೇಲಿಯವರಲ್ಲಿ 46. ಅಂಕಿಅಂಶದ ಕಣ್ಣಿಗೆ ಎರಡೂ ಒಂದೇ. ಆದರೆ ಗಾಯ ಸುಟ್ಟ ಗುಂಪಿನಲ್ಲಿ ಆರು ಜನರಿಗೆ ಸ್ಟ್ರೋಕ್ ಆಯಿತು. ಇನ್ನೊಂದು ಗುಂಪಿನಲ್ಲಿ ಯಾರಿಗೂ ಇಲ್ಲ.

ಊಹೆ ಸರಿ ಇತ್ತು, ಉಪಾಯ ಸೋತಿತು. ಈ ಎರಡನ್ನೂ ನಾವು ಬಹಳ ಸಲ ಕಲಸಿಬಿಡುತ್ತೇವೆ. ಕೂದಲು ಬೆಳ್ಳಗಾದವರಿಗೆ ಹೃದಯಾಘಾತ ಜಾಸ್ತಿ. ಹಾಗಂತ ಕೂದಲಿಗೆ ಬಣ್ಣ ಹಚ್ಚಿದರೆ ಆಘಾತ ತಪ್ಪುತ್ತದಾ? ಗಾಯ ಕೂಡ ಒಂದು ಮಟ್ಟಿಗೆ ಬೆಳ್ಳಗಿನ ಕೂದಲೇ ಇರಬಹುದು. ಬಿಪಿ, ತೂಕ, ವಯಸ್ಸು, ಗೊರಕೆ, ವರ್ಷಗಟ್ಟಲೆ ಅದುರಿದ್ದು ಎಲ್ಲ ಸೇರಿ ಗೋಡೆಯ ಮೇಲೆ ಬರೆದಿಟ್ಟ ಹಳೆ ಲೆಕ್ಕ ಅದು. ಲೆಕ್ಕ ಅಳಿಸಿದರೆ ಸಾಲ ತೀರುವುದಿಲ್ಲ.

ಇಷ್ಟು ಹೇಳಿದ ಮೇಲೆ ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಪ್ರಯೋಗವನ್ನೂ ಹೇಳಬೇಕು. ಅದೇ 2022ರಲ್ಲಿ ಬಂದ ಇರೇಸ್-ಎಎಫ್‌ನಲ್ಲಿ ಎಂಆರ್‌ಐ ಬಿಟ್ಟು, ಹೃದಯದೊಳಗೇ ತಂತಿಯಿಂದ ವೋಲ್ಟೇಜ್ ಅಳೆದರು. ವೋಲ್ಟೇಜ್ ಕಡಿಮೆ ಇದ್ದ ಜಾಗವನ್ನು ಗಾಯ ಎಂದು ಹಿಡಿದು ಸುಟ್ಟರು. 324 ಜನ. ಕಾಯಿಲೆ ಮರಳಿದ್ದು 35 ಪರ್ಸೆಂಟ್, ಬರೀ ಬೇಲಿಯವರಲ್ಲಿ 50. ಇಲ್ಲಿ ಲಾಭ ಕಂಡಿತು. ಹಾಗಾದರೆ ಎಂಆರ್‌ಐ ತೋರಿಸುವ ಗಾಯವೂ ತಂತಿ ತೋರಿಸುವ ಗಾಯವೂ ಒಂದೇ ಅಲ್ಲವೋ ಏನೋ. ಜಗಳ ಮುಗಿದಿಲ್ಲ.

‘ಎಐ ಇದೆಯಲ್ಲ’ ಅನ್ನುವವರಿಗೆ ಟೇಲರ್ಡ್-ಎಎಫ್ ಓದಲು ಹೇಳುತ್ತೇನೆ, ಆದರೆ ಪೂರ್ತಿ ಓದಬೇಕು. ಫ್ರಾನ್ಸ್‌ನ ಮಾರ್ಸೇಯ ಒಂದು ಕಂಪನಿಯ ಸಾಫ್ಟ್‌ವೇರು ಹೃದಯದೊಳಗಿನ ಸಿಗ್ನಲ್‌ಗಳನ್ನು ಅಲ್ಲೇ ಆಗಿಂದಾಗ ಓದಿ ‘ಇಲ್ಲಿ ಸುಡಿ’ ಎಂದು ತೋರಿಸುತ್ತದೆ. 374 ಪರ್ಸಿಸ್ಟೆಂಟ್ ರೋಗಿಗಳು. ಒಂದು ವರ್ಷದ ನಂತರ ಫಿಬ್ರಿಲೇಶನ್ ಇಲ್ಲದವರು ಎಐ ಗುಂಪಿನಲ್ಲಿ 88 ಪರ್ಸೆಂಟ್, ಬರೀ ಬೇಲಿಯವರಲ್ಲಿ 70. 2025ರಲ್ಲಿ ಇದು ಪ್ರಕಟವಾದಾಗ ಹೆಡ್‌ಲೈನ್‌ಗೆ ಹೇಳಿ ಮಾಡಿಸಿದ ಸಂಖ್ಯೆ. ಆದರೆ ಫಿಬ್ರಿಲೇಶನ್ ಜೊತೆ ಬೇರೆ ತಾಳ ತಪ್ಪುವಿಕೆಗಳನ್ನೂ ಸೇರಿಸಿ, ಒಂದೇ ಸಲದ ಚಿಕಿತ್ಸೆಗೆ ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಸುಟ್ಟ ಜಾಗ ಜಾಸ್ತಿ ಆದಷ್ಟೂ ಆ ಗಾಯಗಳ ಸುತ್ತ ವಿದ್ಯುತ್ತಿನ ಹೊಸ ಸುಳಿ ಹುಟ್ಟುವ ಸಂಭವ ಇರುತ್ತದೆ. ಹಳೆ ಕಳ್ಳ ಹೋದ, ಅವನ ತಮ್ಮ ಬಂದ. ಮತ್ತೆ ಅದೇ ಮಂಡಿ ಪ್ರಶ್ನೆ: ಯಾವ ಅಡಿಕೆಯ ರೇಟು ಸ್ವಾಮಿ?

ಊಹೆಗೆ ಇನ್ನೊಂದು ತೊಡಕಿದೆ. ಊಹಿಸಬೇಕಾದ ವಸ್ತು ಇದ್ದಲ್ಲೇ ಇರುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರಾಜೀವ್ ಪಾಠಕ್, ಪ್ರಶಾಂತನ್ ಸ್ಯಾಂಡರ್ಸ್ ಮೊದಲಾದವರು ಅಬ್ಲೇಶನ್‌ಗೆ ಬಂದ ದಪ್ಪ ಮೈಯವರಿಗೆ ತೂಕ, ಬಿಪಿ, ಶುಗರ್, ಗೊರಕೆ, ಕುಡಿತ ಎಲ್ಲವನ್ನೂ ಹತೋಟಿಗೆ ತರುವ ದಾರಿ ಕೊಟ್ಟರು. 2014ರ ಆ ಅಧ್ಯಯನದಲ್ಲಿ ಒಂದೇ ಸಲದ ಅಬ್ಲೇಶನ್, ಮಾತ್ರೆ ಇಲ್ಲದೆ, ತಾಳ ಉಳಿಸಿಕೊಂಡವರು ಆ ದಾರಿ ಹಿಡಿದವರಲ್ಲಿ ಸುಮಾರು 33 ಪರ್ಸೆಂಟ್. ಹಿಡಿಯದವರಲ್ಲಿ 10. ದಾರಿ ಹಿಡಿಯುವುದು ಬಿಡುವುದು ರೋಗಿಗಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು, ಹಾಗಾಗಿ ಈ ಅಂತರವನ್ನು ಪೂರ್ತಿ ನಂಬಬಾರದು. ಮನಸ್ಸು ಗಟ್ಟಿ ಇರುವವರು ಎಲ್ಲದರಲ್ಲೂ ಒಂದು ಕೈ ಮೇಲೆಯೇ ಇರುತ್ತಾರೆ. ಕುಡಿತದ ಬಗ್ಗೆ ಚೀಟಿ ಎತ್ತಿ ಮಾಡಿದ ಪ್ರಯೋಗವೂ ಆಸ್ಟ್ರೇಲಿಯಾದ್ದೇ, 2020ರದು. ಅಬ್ಲೇಶನ್ ಮಾತಿರಲಿ, ಬರೀ ಕುಡಿತ ಬಿಡಲು ಹೇಳಿದವರಲ್ಲಿ ಆರು ತಿಂಗಳಲ್ಲಿ ಕಾಯಿಲೆ ಮರಳಿದ್ದು 53 ಪರ್ಸೆಂಟ್, ಮುಂದುವರಿಸಿದವರಲ್ಲಿ 73.

ಸಮಯದ ಲೆಕ್ಕವೂ ಇದೆ. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ಅಬ್ಲೇಶನ್ ಮಾಡಿಸಿಕೊಂಡವರಲ್ಲಿ ಅದು ಮರಳುವುದು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿದಾಗ ಕಂಡಿತ್ತು. ‘ತಡ ಮಾಡಬೇಡಿ, ಕೂಡಲೇ ಮಾಡಿಸಿ’ ಎಂಬ ಒತ್ತಡ ಹುಟ್ಟಿದ್ದು ಅದರಿಂದ. ಆದರೆ 2023ರಲ್ಲಿ ಮೆಲ್ಬರ್ನ್‌ನ ವೈದ್ಯರು 100 ಜನರನ್ನು ಚೀಟಿ ಎತ್ತಿ ಹಂಚಿ, ಅರ್ಧ ಜನರಿಗೆ ಒಂದು ತಿಂಗಳೊಳಗೆ, ಉಳಿದವರಿಗೆ ಒಂದು ವರ್ಷ ಔಷಧಿ ಕೊಟ್ಟ ಮೇಲೆ ಅಬ್ಲೇಶನ್ ಮಾಡಿದರು. ತಾಳ ಉಳಿದವರು 56 ಪರ್ಸೆಂಟ್ ಮತ್ತು 59. ಸಣ್ಣ ಪ್ರಯೋಗ, ನಿಜ. ಆದರೂ ‘ಈ ವಾರವೇ ಅಡ್ಮಿಟ್ ಆಗಿ’ ಎಂದು ಯಾರಾದರೂ ಹೆದರಿಸಿದರೆ ಉಸಿರು ಬಿಡಲು ಇದು ಸಾಕು. ಆ ವರ್ಷವನ್ನು ಸುಮ್ನೆ ಕಳೆಯಬಾರದು, ಅಷ್ಟೇ.

ಊಹೆ ಕೆಟ್ಟದಾಗಿದ್ದರೆ ಚಿಕಿತ್ಸೆ ಬೇಡ ಎಂದು ಅರ್ಥವಾ? ಅಲ್ಲಿಯೂ ಎಡವಬಹುದು. 2018ರ ಕ್ಯಾಸಲ್-ಎಎಫ್ ಪ್ರಯೋಗದ 363 ಜನರೂ ಹಾರ್ಟ್ ಫೇಲ್ಯೂರ್ ಇದ್ದವರು, ಪಂಪು 35 ಪರ್ಸೆಂಟ್ ಅಥವಾ ಅದಕ್ಕೂ ಕಡಿಮೆ. ಬಹುಪಾಲು ಜನರದು ಪರ್ಸಿಸ್ಟೆಂಟ್. ಯಾವ ಸ್ಕೋರು ಹಾಕಿದರೂ ಇವರು ಹಿಂದಿನ ಬೆಂಚು. ಅಬ್ಲೇಶನ್ ಮಾಡಿಸಿಕೊಂಡವರಲ್ಲಿ ಸತ್ತವರು 13 ಪರ್ಸೆಂಟ್, ಔಷಧಿಯಲ್ಲೇ ಇದ್ದವರಲ್ಲಿ 25. ಆಮೇಲೆ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ 30 ಸೆಕೆಂಡಿನ ಪಾಸು ಫೇಲಿಗೂ ಜೀವಕ್ಕೂ ನಂಟು ಸಿಗಲಿಲ್ಲ. ಆರು ತಿಂಗಳಲ್ಲಿ ಅದುರುವ ಸಮಯ ಒಟ್ಟು ಸಮಯದ ಅರ್ಧಕ್ಕಿಂತ ಕೆಳಗೆ ಇಳಿಯಿತಾ ಎನ್ನುವುದಕ್ಕೆ ನಂಟು ಇತ್ತು. ಮರಳುವ ಸಂಭವ ಜಾಸ್ತಿ ಇರುವವರಿಗೇ ಲಾಭವೂ ಜಾಸ್ತಿ ಇರಬಹುದು.

ನಮ್ಮ ದೇಶದ ಮಾತು ಬಂದರೆ ಈ ಸ್ಕೋರುಗಳೆಲ್ಲ ಇನ್ನಷ್ಟು ಅಲುಗಾಡುತ್ತವೆ. ಭಾರತದ ಹೃದಯ ತಾಳ ತಜ್ಞರ ಸಂಘ 2011-12ರಲ್ಲಿ 24 ಆಸ್ಪತ್ರೆಗಳಿಂದ 1537 ಏಟ್ರಿಯಲ್ ಫಿಬ್ರಿಲೇಶನ್ ರೋಗಿಗಳ ವಿವರ ಕೂಡಿಸಿತು. ಸರಾಸರಿ ವಯಸ್ಸು 55ರ ಹತ್ತಿರ. ಯುರೋಪಿನ ರೋಗಿಗಳಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಸುಮಾರು 48 ಪರ್ಸೆಂಟ್ ಜನರಿಗೆ ರುಮ್ಯಾಟಿಕ್ ಹೃದ್ರೋಗ ಇತ್ತು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ನೋವಿನ ಜ್ವರ, ಇಪ್ಪತ್ತು ವರ್ಷದ ನಂತರ ಹೃದಯದ ಎಡಬದಿಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಇಕ್ಕಟ್ಟಾಗಿ ಅದರ ಹಿಂದಿನ ಎಡ ಏಟ್ರಿಯಂ ಕಟ್ಟೆ ಕಟ್ಟಿದ ಕೆರೆಯಂತೆ ಉಬ್ಬುವುದು: ಇದು ನಮ್ಮ ಕಡೆಯ ದಾರಿ. ಆಪಲ್‌ಗೆ 43 ಮಿಲಿಮೀಟರ್ ದೊಡ್ಡದು. ಇಕ್ಕಟ್ಟಾದ ಕವಾಟದ ಹಿಂದೆ ಐವತ್ತು ದಾಟುವುದು ಸಾಮಾನ್ಯ. ಕವಾಟ ಹೀಗೆ ಕೆಟ್ಟವರನ್ನು ದೊಡ್ಡ ಅಬ್ಲೇಶನ್ ಪ್ರಯೋಗಗಳು ಬಾಗಿಲಲ್ಲೇ ತಡೆದು ಕಳಿಸುತ್ತವೆ. ಬೆಂಗಳೂರಿನ ಜಯದೇವದಂಥ ಕಡೆ ಬಲೂನಿನಿಂದ ಈ ಕವಾಟ ಹಿಗ್ಗಿಸುವ ಚಿಕಿತ್ಸೆ ದಶಕಗಳಿಂದ ನಡೆದಿದೆ. ಅಂಥ ರೋಗಿಯ ಮುಂದೆ ಲೈಪ್‌ಜಿಗ್‌ನ ಸ್ಕೋರು ಇಡುವುದು ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಡಿಸಿದಂತೆ. ಮಾವನಿಗೆ ಕವಾಟದ ತೊಂದರೆ ಇರಲಿಲ್ಲ. ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ 38ರ ಹೆಂಗಸಿಗೆ ಇತ್ತು.

ಎರಡನೇ ಸಲ ಹೋದಾಗ ನಾನೂ ಜೊತೆಗಿದ್ದೆ. ಪರ್ಸೆಂಟ್ ಕೇಳಬಾರದು ಎಂದು ಮೊದಲೇ ಮಾತಾಗಿತ್ತು. ಒಂದೇ ಸಲಕ್ಕಾ ಎರಡು ಸಲಕ್ಕಾ, ಮಾತ್ರೆ ಬಿಟ್ಟಾ ಇಟ್ಟುಕೊಂಡಾ, ಆಮೇಲೆ ಏನು ಕಟ್ಟಿ ನೋಡುತ್ತೀರಿ, ನಿಮ್ಮಲ್ಲೇ ಮಾಡಿಸಿಕೊಂಡವರಲ್ಲಿ ಒಂದು ವರ್ಷಕ್ಕೆ ಎಷ್ಟು ಜನ ಮತ್ತೆ ಬಂದರು, ರಕ್ತ ತೆಳು ಮಾಡುವ ಮಾತ್ರೆ ಮುಂದುವರಿಯಬೇಕಾ, ತೊಂದರೆ ಆದರೆ ಏನು ಆಗಬಹುದು. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆವು. ಡಾಕ್ಟರು ಚೀಟಿ ತೆಗೆದುಕೊಂಡು ಓದಿ ನಕ್ಕರು. ಇಪ್ಪತ್ತು ನಿಮಿಷ ಕೊಟ್ಟರು. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು: ‘ರಾತ್ರಿ ಗೊರಕೆ ಹೊಡೀತೀರಾ?’

ಮಾವ ಇಲ್ಲ ಅಂದರು. ಅತ್ತೆ ಹೌದು ಅಂದರು.

ಈಗ ಸ್ಲೀಪ್ ಟೆಸ್ಟ್ ಆಗಿದೆ. ರಾತ್ರಿ ಮಲಗುವಾಗ ಮೂಗಿಗೆ ಮೆಷಿನ್ನು. ತೂಕ 88ರಿಂದ 83ಕ್ಕೆ ಬಂದಿದೆ. ಸುಗ್ಗಿ ಮುಗಿದ ಮೇಲೆ ಅಬ್ಲೇಶನ್ ಡೇಟು ತೆಗೆದುಕೊಳ್ಳೋಣ ಎಂದಿದ್ದಾರೆ. ಎಷ್ಟು ಪರ್ಸೆಂಟ್ ಎಂದು ಯಾರಾದರೂ ಕೇಳಿದರೆ, ‘ಮೊದಲು ಯಾವ ಅಡಿಕೆ ಹೇಳಪ್ಪ’ ಅನ್ನುತ್ತಾರೆ.